ಒಳಗೆ ಬಿಡದ ಕಂಪನಿ

ಧಾರವಾಡದ ಸಪ್ತಾಪುರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮಾಲೀಕರು ಸೇರಿ ನಾವು ಐದು ಜನ. ಕೆಳಗೆ ಗಿರಣಿ ಶುರುವಾದರೆ ಮೇಲೆ ಮಾನಿಟರುಗಳು ನಡುಗುತ್ತಿದ್ದವು. ಸಹಕಾರಿ ಸೊಸೈಟಿಗಳಿಗೆ ನಾವು ಬರೆದ ಪ್ರೋಗ್ರಾಮು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಹೆಣ್ಣು ಕೊಡುವವರಿಗೆ ಅದು ಲೆಕ್ಕಕ್ಕಿರಲಿಲ್ಲ.

ಮೊದಲ ಸಲ ಹೆಣ್ಣಿನ ಕಡೆಯವರು ನನ್ನ ಕಂಪನಿ ನೋಡಲು ಬಂದಾಗ ಮಾಲೀಕರು ಸಂಭ್ರಮದಿಂದ ಒಳಗೆ ಕರೆದು, ತಾವೇ ಚಹಾ ಸೋಸಿ ಕೊಟ್ಟರು. ಅಲ್ಲಿಗೆ ಸಂಬಂಧ ಮುರಿಯಿತು. ಆಮೇಲೆ ಮಧ್ಯಸ್ಥರು ಅವರ ಮಾತು ತಂದರು: "ದೊಡ್ಡ ಕಂಪನ್ಯಾಗ ಹಡದ ತಾಯಿ ಬಂದ್ರೂ ಗೇಟಿನಾಗ ನಿಲ್ಲಸ್ತಾರ. ಇಲ್ಲಿ ಚಪ್ಪಲಿ ಬಿಟ್ಟು ಸೀದಾ ಒಳಗ ಹೋಗಿ ಕುಂತ್ವಿ. ಇದೆಂಥಾ ಕಂಪನಿರಿ?"

ನನಗೆ ಮೈಯೆಲ್ಲ ಉರಿಯಿತು. ಮಾಲೀಕರು ಮಾತ್ರ ಇದನ್ನು ಗಿರಾಕಿಯ ದೂರಿನಂತೆ ಗಂಭೀರವಾಗಿ ತೆಗೆದುಕೊಂಡರು. ನಿವೃತ್ತ ಬಸ್ ಕಂಡಕ್ಟರರಾದ ತಮ್ಮ ಸೋದರಮಾವನಿಗೆ ಹಳೆಯ ಖಾಕಿ ಹಾಕಿಸಿ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದರು. ನಮಗೆಲ್ಲ ಕೊರಳಿಗೆ ಕಾರ್ಡು ಬಂತು. ಕಷ್ಟವೆಂದರೆ, ಮಾವ ಜೀವಮಾನವಿಡೀ ಜನರನ್ನು ಒಳಗೆ ತುಂಬಿದವರು. ಯಾರಾದರೂ ಕಂಡರೆ ಸಾಕು, "ಒಳಗ ಸರೀರಿ, ಜಾಗಾ ಭಾಳ ಐತಿ" ಎನ್ನುತ್ತಿದ್ದರು. ಜನರನ್ನು ತಡೆಯುವುದನ್ನು ಅವರಿಗೆ ಕಲಿಸಲು ವಾರವಿಡೀ ತಾಲೀಮು ನಡೆಯಿತು. ಬೀಗರ ಪಾತ್ರ ನನ್ನದೇ.

"ಯಾರ ಬರಲಿ ಮಾವಾ, ಕಾರ್ಡ್ ಇಲ್ಲಂದ್ರ ಬಿಡಬ್ಯಾಡ್ರಿ" ಎಂದು ಮಾಲೀಕರು ತಾಕೀತು ಮಾಡಿದರು.

ಎರಡನೆಯ ಸಂಬಂಧ ಹತ್ತಿರದ ಗರಗ ಊರಿನದು. ಹುಡುಗಿ ಇಲ್ಲೇ ಯುನಿವರ್ಸಿಟಿಯಲ್ಲಿ ಓದುತ್ತ, ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಫೋಟೋದಲ್ಲೇ ನನಗೆ ಬಹಳ ಹಿಡಿಸಿದ್ದಳು. ಇದೂ ತಪ್ಪಿಹೋದೀತೆಂದು ನನಗೆ ಊಟ ಸೇರುತ್ತಿರಲಿಲ್ಲ. ಅವಳು ಅಪ್ಪನೊಡನೆ ಬರುವ ದಿನ ಗಿರಣಿ ಮುಚ್ಚಿಸಿ, ಅದರ ಬಾಗಿಲ ಮೇಲೆ ನಮ್ಮ ಬೋರ್ಡು ತೂಗಿಹಾಕಿದೆವು.

ಇಬ್ಬರೂ ಮೆಟ್ಟಿಲ ಬಳಿ ಬಂದೊಡನೆ ಮಾವ ಕೈ ಅಡ್ಡ ಹಿಡಿದರು. "ಕಾರ್ಡ್ ಇಲ್ಲದ ಬಿಡೂದಿಲ್ರಿ."

ಅವಳ ಅಪ್ಪನ ಮುಖ ಅರಳಿತು. ಅವರನ್ನು ಎದುರುಗೊಳ್ಳಲು ಓಡಿ ಇಳಿದಿದ್ದ ನಾನು, ಮಾಲೀಕರನ್ನು ಕರೆಯಲು ಮತ್ತೆ ಹತ್ತಹೋದರೆ ಮಾವ ನನ್ನೆದೆಗೂ ಕೈ ಇಟ್ಟರು. ಕಾರ್ಡು ಮೇಲೆ ಮೇಜಿನ ಮೇಲಿತ್ತು.

"ಮಾವಾ, ನಾನರೀ!"

"ನೀವಾದ್ರೇನು? ಕಾರ್ಡ್ ತೋರಸ್ರಿ."

ಗದ್ದಲ ಕೇಳಿ ಮಾಲೀಕರೇ ಕೆಳಗೆ ಬಂದರು. ಅವರ ಕೊರಳೂ ಬರಿದು. ಅವರೂ ಹೊರಗುಳಿದರು.

ಎಲ್ಲರೂ ಹೋಗಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಇದೂ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ಅಪ್ಪ ಮಾಲೀಕರ ಎರಡೂ ಕೈ ಹಿಡಿದರು.

"ಖುದ್ದ ಮಾಲಕರನ್ನ ಬಿಡೂದಿಲ್ಲ ಅಂದ್ರ ಏನ ಬಂದೋಬಸ್ತ್‌ರಿ ಇದು! ಹುಡುಗ ನಮಗ ಒಪ್ಪಿಗಿ."

ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಗಿರಣಿ ಕಣ್ಣಿಗೆ ಬಿದ್ದ ದಿನ ಇವರು ಏನೆಂದಾರು? ಹಿರಿಯರಿಬ್ಬರೂ ಮುಹೂರ್ತದ ಮಾತಿಗಿಳಿದಾಗ ಅವಳು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು, "ಇವತ್ತ ಗಿರಣಿ ಯಾಕ ಬಂದ್ ಐತ್ರಿ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ನಾ ಜ್ವಾಳಾ ಬೀಸಸೂದು ಅಲ್ಲೇರಿ. ನೀವು ಮೆಟ್ಟಿಲಾ ಇಳದ ಬರೂದು ಎಷ್ಟೋ ಸಲ ನೋಡೇನಿ. ಹಿಟ್ಟು ಕುಂತ ತಲಿ ನೋಡಿ, ಯಾರೋ ವಯಸ್ಸಾದವ್ರು ಅಂತ ತಿಳದಿದ್ದೆ. ಫೋಟೋ ಬಂದಾಗ, ಆ ಅಜ್ಜಾರ ಮಗ ಇರಬೇಕು ಅನ್ಕೊಂಡೆ."

ಅಪ್ಪನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಪ್ಪಗ ಗಿರಣಿ ನಾನ ತೋರಸ್ತೇನಿ, ಆಮ್ಯಾಲೆ. ನೀವು ಮದವ್ಯಾಗ ಅಕ್ಕಿಕಾಳು ಬೀಳೂ ದಿನ ತಲಿ ಅಷ್ಟ ಜಾಡಿಸ್ಕೊಂಡ ಬರ್ರಿ."