ಅಮ್ಮನ ಟ್ಯಾಬ್‌ನ ಕುಕೀಸ್ ಅಳಿಸಿದ ವಾರ

ಕಳೆದ ಭಾನುವಾರ ಬೆಳಗ್ಗೆ ನನ್ನ ಫೋನನ್ನು ಚಾರ್ಜ್‌ಗೆ ಹಾಕಿ, ಅಮ್ಮನ ಟ್ಯಾಬ್ ಎತ್ತಿಕೊಂಡು ಸುದ್ದಿ ಓದುತ್ತ ಕೂತಿದ್ದೆ. ಕಾಲುವೆ ನೀರಿನ ಸುದ್ದಿಯ ನಡುವೆ ಒಬ್ಬ ಬಿಳಿ ಕೂದಲಿನ ಹೆಂಗಸು ಬಂದು ನಿಂತಳು. ಹಿಂದೆ ಹಸಿರು ಹುಲ್ಲು, ಕೈಯಲ್ಲಿ ಕಾಫಿ ಲೋಟ, ಮುಖದ ತುಂಬ ನಗು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಕೋಣೆ ನಿಮಗಾಗಿ ಕಾಯುತ್ತಿದೆ’ ಎಂದಿತ್ತು.

ಯಾವ ಕೋಣೆ? ಯಾರಿಗೆ?

ಉತ್ತರ ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಹಿರಿಯರ ವಸತಿಗೃಹ. ಊಟ, ಡಾಕ್ಟರು, ಸಂಜೆ ಭಜನೆ ಎಲ್ಲ ಅಲ್ಲೇ. ನಾನು ಪುಟ ಬದಲಾಯಿಸಿದೆ. ಹವಾಮಾನದ ಪುಟದಲ್ಲೂ ಅದೇ ಹೆಂಗಸು. ಪಂಚಾಂಗದಲ್ಲಿ ರಾಹುಕಾಲದ ಪಕ್ಕ ಅದೇ ಕಾಫಿ ಲೋಟ. ಕ್ರಿಕೆಟ್ ಸ್ಕೋರ್ ನೋಡಲು ಹೋದರೆ ನನಗಿಂತ ಮೊದಲೇ ಅಲ್ಲಿ ಬಂದು ಕೂತಿದ್ದಳು. ಅಷ್ಟರಲ್ಲಿ ನನ್ನ ಚಹಾ ಆರಿಹೋಗಿತ್ತು.

ಈ ಜಾಹೀರಾತುಗಳ ಬುದ್ಧಿ ನಿಮಗೂ ಗೊತ್ತು. ನೀವು ಒಮ್ಮೆ ಮಿಕ್ಸಿ ನೋಡಿದರೆ ಸಾಕು, ಆಮೇಲೆ ಹದಿನೈದು ದಿನ ಮಿಕ್ಸಿಯೇ ನಿಮ್ಮನ್ನು ನೋಡುತ್ತಿರುತ್ತದೆ. ಅಂದರೆ ಈ ಟ್ಯಾಬ್‌ನಲ್ಲಿ ಯಾರೋ ವೃದ್ಧಾಶ್ರಮ ಹುಡುಕಿದ್ದಾರೆ. ನಾನಂತೂ ಅಲ್ಲ. ಹಾಗಾದರೆ ಯಾರು?

ಈ ಪ್ರಶ್ನೆ ನನ್ನನ್ನು ಯಾಕೆ ಕುರ್ಚಿಯಿಂದ ಎಬ್ಬಿಸಿತು ಎಂಬುದು ತಿಳಿಯಬೇಕಾದರೆ ನಮ್ಮ ಮನೆಯ ವ್ಯವಸ್ಥೆ ಹೇಳಬೇಕು. ಅಮ್ಮ ಬಾದನಹಟ್ಟಿಯ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವಳು. ಅಪ್ಪ ಹೋದ ಮೇಲೆ ಅಲ್ಲಿಯ ಬಾಡಿಗೆ ಮನೆ ಬಿಡಿಸಿದೆವು. ಅಂದಿನಿಂದ ಅಮ್ಮನಿಗೆ ಪಾಳಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆ. ಶಿವರಾತ್ರಿಯಿಂದ ಭೀಮನ ಅಮಾವಾಸ್ಯೆವರೆಗೆ ಕುರುಗೋಡಿನ ಅಕ್ಕನ ಮನೆ. ಅಲ್ಲಿಂದ ಮತ್ತೆ ದೀಪಾವಳಿವರೆಗೆ ಸಿರುಗುಪ್ಪದ ತಮ್ಮನ ಮನೆ. (ಕುರುಗೋಡಿಗೆ ಒಂದು ತಿಂಗಳು ಜಾಸ್ತಿ ಬೀಳುತ್ತದೆ ಎಂದು ಅಕ್ಕ ಒಮ್ಮೆ ಬೆರಳು ಮಡಚಿ ತೋರಿಸಿದ್ದಳು. ಆಮೇಲೆ ಯಾರೂ ಆ ಮಾತು ಎತ್ತಿಲ್ಲ.) ಯಾರಿಗೂ ಭಾರವಾಗಬಾರದು ಎಂದು ನಾವು ಮೂವರು ಕೂತು ಮಾಡಿದ ವ್ಯವಸ್ಥೆ ಇದು. ಅಮ್ಮ ಆಗ ಒಳಗೆ ನಮಗೆಲ್ಲ ಕಾಫಿ ಮಾಡುತ್ತಿದ್ದಳು.

ಟ್ಯಾಬ್ ಕೂಡ ನಾವು ಮೂವರು ಸೇರಿ ಕೊಡಿಸಿದ್ದೇ. ಅಮ್ಮನ ಜೊತೆ ಅದೂ ಊರೂರು ತಿರುಗುತ್ತದೆ, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಬ್ಯಾಗಿನಲ್ಲಿ ಸೀರೆಗಳ ನಡುವೆ. ಹೆಸರಿಗೆ ಅಮ್ಮನದು. ಹೋದ ಮನೆಯಲ್ಲಿ ಎಲ್ಲರದೂ. ಹಾಗಾಗಿ ಅಮ್ಮ ಬಸ್ಸಿಳಿದ ಮೊದಲ ವಾರ ಆ ಟ್ಯಾಬ್ ನನಗೆ ಉಳಿದೆರಡು ಮನೆಯ ಸುದ್ದಿ ಹೇಳುತ್ತದೆ. ಟ್ರ್ಯಾಕ್ಟರ್ ಟೈರಿನ ಜಾಹೀರಾತು ಬಂದರೆ ಕುರುಗೋಡಿನ ಭಾವ. ರೇಷ್ಮೆ ಸೀರೆ ಬಂದರೆ ಸಿರುಗುಪ್ಪದಲ್ಲಿ ತಮ್ಮನ ಹೆಂಡತಿಯ ತವರಿನ ಮದುವೆ. ಯಾರೂ ಬಾಯಿಬಿಡದಿದ್ದನ್ನು ಟ್ಯಾಬ್‌ನಿಂದ ತಿಳಿದುಕೊಂಡು ಎಷ್ಟೋ ಸಲ ಒಳಗೊಳಗೇ ಬೀಗಿದ್ದೇನೆ. ಈ ಸಲ ಬೀಗುವ ಸುದ್ದಿ ಆಗಿರಲಿಲ್ಲ.

ಅಮ್ಮ ಸಿರುಗುಪ್ಪದಿಂದ ಬಂದು ಎರಡು ವಾರವಷ್ಟೇ ಆಗಿತ್ತು. ಹಾಲ್‌ನಿಂದ ಗೇಟಿಗೆ, ಗೇಟಿನಿಂದ ಹಾಲ್‌ಗೆ ನಾಲ್ಕು ಸಲ ಓಡಾಡಿ, ಕೊನೆಗೆ ತಮ್ಮನಿಗೆ ಫೋನ್ ಹಚ್ಚಿದೆ.

“ಲೇ ರಮೇಶ, ಅಮ್ಮನ ಟ್ಯಾಬ್‌ನಾಗ ಏನ್ ಹುಡುಕಿ ಬಿಟ್ಟೀರಿ ನೀವು?”

“ಏನ್ ಹುಡುಕೀವಿ? ಭತ್ತ ಕೊಯ್ಯೋ ಮಿಷಿನ್ ಬಾಡಿಗಿ ನೋಡಿದ್ದೆ. ಯಾಕಣ್ಣ?”

ಯಾಕೆಂದು ಹೇಳಿದೆ.

“ನಮ್ಮನ್ಯಾಗ ಇರೋತನಕ ಅಂಥಾದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮನಿಗೆ ಬಂದ ಎರಡ ವಾರಕ್ಕ ಹೆಂಗ ಬಂತು?” ಎಂದ ತಮ್ಮ. “ಅತ್ತಿಗೀನ ಒಂದ್ಮಾತು ಕೇಳಿ ನೋಡಣ್ಣ.”

ನನ್ನ ತಲೆ ಬಿಸಿಯಾಯಿತು. ಅವನು ದಿನಕ್ಕೆ ಎಷ್ಟು ಹೊತ್ತು ಅಮ್ಮನ ಹತ್ತಿರ ಕೂತು ಮಾತಾಡುತ್ತಾನೆ ಎಂದು ಕೇಳಿದೆ. ನೀನೆಷ್ಟು ಕೂತಿ ಎಂದು ಅವನು ಕೇಳಿದ. ಲೆಕ್ಕ ಕೊಡುವ ಬದಲು ಇಬ್ಬರೂ ದನಿ ಏರಿಸಿದೆವು. ಅಕ್ಕನಿಗೆ ಫೋನ್ ಮಾಡಿದರೆ ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

“ನನಗ ಐದು ತಿಂಗಳು ಬಿದ್ರೂ ನಾ ಒಂದಿನ ಬಾಯಿ ಬಿಟ್ಟೀನೇನು? ಈಗ ಇದನ್ನೂ ನನ್ನ ಮ್ಯಾಲೆ ಹಾಕಾಕ ಬಂದೀರೇನು?” ಎಂದು ಫೋನ್ ಇಟ್ಟುಬಿಟ್ಟಳು.

ನನ್ನ ಹೆಂಡತಿ ಗೀತಾ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಕಡೆ ನೋಡಿದೆ. ಸುಮ್ಮನೆ ನೋಡಿದ್ದು, ಅಷ್ಟೇ. (ಅಷ್ಟೇ ಅಲ್ಲ. ನೀವೂ ಮದುವೆಯಾದವರೇ.)

“ನನ್ನ ಮಾರಿ ಯಾಕ ನೋಡ್ತೀರಿ? ಕೇಳೋದಿದ್ರ ಬಾಯಿಬಿಟ್ಟು ಕೇಳ್ರಿ,” ಎಂದಳು.

ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ. ಅಮ್ಮ ಹಿಂದಿನ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆ ಬಿಳಿ ಕೂದಲಿನ ಹೆಂಗಸು ಅಮ್ಮನ ಕಣ್ಣಿಗೆ ಬೀಳುವುದರೊಳಗೆ ಅವಳನ್ನು ಓಡಿಸಬೇಕು. ನನಗೆ ಆಗ ಇದ್ದದ್ದು ಅದೊಂದೇ ಯೋಚನೆ. ಮಕ್ಕಳು ತನ್ನನ್ನು ಎಲ್ಲಿಗೋ ಸಾಗಹಾಕಲು ನೋಡುತ್ತಿದ್ದಾರೆ ಎಂದು ಅಮ್ಮನಿಗೆ ಅನ್ನಿಸಿದರೆ?

“ಟ್ಯಾಬ್ ಸ್ಲೋ ಆಗೇತಮ್ಮ, ರಿಪೇರಿ ಮಾಡಿಸ್ಕೊಂಡ್ ಬರ್ತೀನಿ,” ಎಂದೆ.

“ಚಲೋ ಐತಲ್ಲೋ, ಏನಾಗೇತಿ ಅದಕ?” ಎಂದಳು ಅಮ್ಮ. ಅಷ್ಟರಲ್ಲಿ ನಾನು ಗಾಡಿ ಸ್ಟಾರ್ಟ್ ಮಾಡಿದ್ದೆ.

ಕೌಲ್ ಬಜಾರ್‌ನಲ್ಲಿ ಬಾಷಾನ ಮೊಬೈಲ್ ಅಂಗಡಿ ಭಾನುವಾರವೂ ತೆರೆದಿರುತ್ತದೆ. ಮೂರಡಿ ಅಗಲದ ಅಂಗಡಿ. ಬಾಷಾ ಒಬ್ಬ ಗಿರಾಕಿಗೆ ತೆಲುಗಿನಲ್ಲಿ ಬೈಯುತ್ತ, ಇನ್ನೊಬ್ಬನ ಫೋನಿಗೆ ಗ್ಲಾಸ್ ಅಂಟಿಸುತ್ತ, ನನ್ನ ಕತೆ ಪೂರ್ತಿ ಕೇಳಿದ.

“ಇದು ಕುಕೀಸ್ ಕೆಲಸ ಸಾರ್,” ಎಂದ. “ನೀವು ಒಂದ್ ಅಂಗಡಿಗೆ ಹೋಗಿ ಸೀರಿ ಮುಟ್ಟಿ ನೋಡಿ ಸುಮ್ನ ಹೊರಗ ಬಂದ್ರಿ ಅನ್ಕೊಳ್ರಿ. ನಿಮಗ ಗೊತ್ತಿಲ್ದಂಗ ನಿಮ್ಮ ಜೇಬಿನಾಗ ಒಂದು ಚೀಟಿ ಇಡ್ತಾರ. ಮುಂದ ಯಾವ ಅಂಗಡಿಗೆ ಹೋದ್ರೂ ಆ ಚೀಟಿ ಓದಿ ಅದ ಸೀರಿ ತೋರಿಸ್ತಾರ. ಚೀಟಿ ತಗದು ಒಗದ್ರ ಸಾಫ್. ನಿಮ್ಮನ್ನ ಮರತ ಬಿಡ್ತಾರ.”

“ಒಗಿ,” ಎಂದೆ.

ಅವನು ಬ್ರೌಸರ್ ತೆರೆದ. ಮೂಲೆಯ ಮೂರು ಚುಕ್ಕಿ ಒತ್ತಿದ. ಸೆಟ್ಟಿಂಗ್ಸ್‌ಗೆ ಹೋದ. ಕುಕೀಸ್ ಎಂಬಲ್ಲಿ ಟಿಕ್ ಹಾಕಿ, ನನ್ನ ಕಡೆ ತಿರುಗಿದ.

“ಹಿಸ್ಟರಿ ಒಂದ್ಸಲ ನೋಡೋಣೇನ್ ಸಾರ್? ಯಾವ ತಾರೀಕಿಗೆ ತಗದಾರ ಅಂತ ಗೊತ್ತಾಗ್ತೈತಿ. ಯಾರ ಮನ್ಯಾಗ ಅಂತಾನೂ ತಿಳೀತೈತಿ.”

ಒಂದು ಬೆರಳು ಒತ್ತಿದರೆ ಮುಗಿದಿತ್ತು. ಬೆಳಗಿನಿಂದ ನಾನು ಕೂಗಾಡಿದ್ದೇ ಆ ತಾರೀಕಿಗಾಗಿ ಅಲ್ಲವೇ? ಆದರೆ ಬಾಷಾ ಹಾಗೆ ಕೇಳಿದ ಕೂಡಲೇ ನಾನು ಟ್ಯಾಬ್‌ಗೆ ಕೈ ಅಡ್ಡ ಹಿಡಿದೆ. ತಾರೀಕು ದೀಪಾವಳಿಯ ಈಚೆಯದಾದರೆ? ನಮ್ಮ ಪಾಳಿಯದಾದರೆ? ಗೀತಾ ಅಡುಗೆಮನೆ ಬಾಗಿಲಲ್ಲಿ ನಿಂತ ರೀತಿ ನೆನಪಾಯಿತು.

“ಬ್ಯಾಡ. ಎಲ್ಲಾ ಅಳಿಸಿಬಿಡು,” ಎಂದೆ.

ನಾನು ಹೇಡಿ ಎಂದು ಒಪ್ಪಿಕೊಳ್ಳಲು ಈ ಅಂಕಣಕ್ಕಿಂತ ಒಳ್ಳೆಯ ಜಾಗ ನನಗಿಲ್ಲ. ಅಮ್ಮನಿಗೆ ನೋವಾಗಬಾರದೆಂದು ಅಳಿಸಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಎರಡು ರಸ್ತೆ ತಪ್ಪಿ ತಿರುಗಿದೆ. ಮೂವತ್ತು ವರ್ಷದಿಂದ ಓಡಾಡುವ ದಾರಿ ಅದು.

ಮನೆಗೆ ಬಂದು ಪರೀಕ್ಷಿಸಿದೆ. ಪಂಚಾಂಗದ ಪಕ್ಕ ಈಗ ಬಾಸುಮತಿ ಅಕ್ಕಿ. ಹವಾಮಾನದ ಪಕ್ಕ ಬ್ಯಾಂಕ್ ಪರೀಕ್ಷೆಯ ಕೋಚಿಂಗ್. ಟ್ಯಾಬ್‌ಗೆ ನಮ್ಮ ಮೂರೂ ಮನೆಯ ಗುರುತು ಹತ್ತಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ತಮ್ಮನ ಮೇಲಿನ ಸಿಟ್ಟಾಗಲಿ ಅಕ್ಕನ ಮಾತಾಗಲಿ ಬಾಷಾ ಟಿಕ್ ಹಾಕಿದ ಪಟ್ಟಿಯಲ್ಲಿ ಇರಲಿಲ್ಲವಲ್ಲ. ಗೀತಾ ನನ್ನ ಜೊತೆ ಬರೀ ‘ಊಟಕ್ಕ ಬರ್ರಿ’ ಎನ್ನುವಷ್ಟೇ ಮಾತಾಡುತ್ತಿದ್ದಳು.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಕೂತು ಟ್ಯಾಬ್ ತಿಕ್ಕುತ್ತಿದ್ದಳು. ಸೆರಗಿನ ಅಂಚಿನಿಂದ ಒರೆಸುವುದು, ಪುಟ ಬದಲಾಯಿಸುವುದು, ಮತ್ತೆ ಒರೆಸುವುದು.

“ಏನಾತಮ್ಮ?” ಎಂದೆ.

“ಆಕಿ ಬರವಲ್ಲಳಪ್ಪ.”

“ಯಾರು?”

“ಬಿಳೇ ಕೂದಲಾಕಿ. ಕೈಯಾಗ ಕಾಫಿ ಹಿಡ್ಕೊಂಡು ದಿನಾ ಬರ್ತಿದ್ಲು. ನಿಮ್ಮ ಕೋಣಿ ಕಾಯಾಕತ್ತೈತಿ ಅಂತ. ನೀ ರಿಪೇರಿ ಮಾಡಿಸಿ ತಂದಾಗಿಂದ ಕಾಣವಲ್ಲಳು. ನಾ ಜವಾಬು ಕೊಡಲಿಲ್ಲ ಅಂತ ಬ್ಯಾರೇದವರಿಗೆ ಕೊಟ್ರೋ ಏನೋ.”

ನಾನು ಅಲ್ಲೇ ಮಂಚದ ತುದಿಗೆ ಕೂತೆ. ಗೀತಾ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಅಮ್ಮ ಹೇಳಿದ್ದು ಇಷ್ಟು. ಕುರುಗೋಡಿನಲ್ಲಿದ್ದಾಗ ಪಂಚಾಂಗ ನೋಡಲು ಹೋಗಿ ಎಲ್ಲೋ ಬೆರಳು ತಾಗಿತಂತೆ. ಒಂದು ಕೋಣೆಯ ಫೋಟೋ ಬಂತಂತೆ. ಮುಚ್ಚಲು ಹೋದವಳು ಮುಚ್ಚಲಿಲ್ಲ. ಸಿರುಗುಪ್ಪದಲ್ಲಿದ್ದಾಗ ಮಧ್ಯಾಹ್ನದ ಹೊತ್ತು ದಿನವೂ ತೆರೆದು ಓದಿದಳು. ಅಲ್ಲಿ ಒಬ್ಬೊಬ್ಬರಿಗೆ ಒಂದು ಕಪಾಟು, ಕಪಾಟಿಗೆ ಅವರವರ ಹೆಸರಿನ ಚೀಟಿ ಎಂದು ಬರೆದಿತ್ತಂತೆ. ಅದನ್ನು ಹೇಳುವಾಗ ಅಮ್ಮ ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು ತೋರಿಸಿದಳು, ಮಕ್ಕಳಿಗೆ ಪಾಠ ಹೇಳುವ ಹಾಗೆ.

ಜಾಹೀರಾತು ಎಲ್ಲರಿಗೂ ಬರುವುದು, ಅದಕ್ಕೆ ಉತ್ತರ ಬರೆಯುವ ರೂಢಿ ಇಲ್ಲ ಎಂಬುದು ಅಮ್ಮನಿಗೆ ಹೊಳೆದೇ ಇಲ್ಲ. ಅವಳ ಪಾಲಿಗೆ ಯಾರೋ ಒಬ್ಬಾಕೆ, ಯಾವ ಮನೆಗೆ ಹೋದರೂ ಹುಡುಕಿಕೊಂಡು ಬಂದು, ದಿನವೂ ಮರ್ಯಾದೆಯಿಂದ ಕೇಳುತ್ತಿದ್ದಳು. ಕೇಳಿದವರಿಗೆ ಜವಾಬು ಕೊಡದೆ ಇದ್ದದ್ದು ತನ್ನದೇ ತಪ್ಪು ಎಂದು ಟೀಚರಮ್ಮನಿಗೆ ಬೇಜಾರು. ನಾನು ಅದನ್ನು ನೋಡಿ ನಗಬಹುದಿತ್ತು. ನಗಲಿಲ್ಲ.

“ಮತ್ತ ಜವಾಬು ಯಾಕ ಕೊಡಲಿಲ್ಲಮ್ಮ?”

“ಕೊಡಾಕ ಹೋಗಿದ್ದೆ. ಒಂದು ಫಾರ್ಮ್ ಇತ್ತು. ಹೆಸರು ಕೇಳಿತು, ಬರದೆ. ವಯಸ್ಸು ಕೇಳಿತು, ಬರದೆ. ಆಮ್ಯಾಲ ಊರು ಕೇಳಿತು. ಏನ್ ಬರೀಬೇಕು ತಿಳೀಲಿಲ್ಲ, ಅಲ್ಲಿಗೆ ಬಿಟ್ಟೆ.”

ಅಮ್ಮನ ದನಿಯಲ್ಲಿ ದೂರು ಇರಲಿಲ್ಲ. ಕಷ್ಟದ ಲೆಕ್ಕವೊಂದನ್ನು ನಾಳೆಗೆ ಬಿಟ್ಟವಳ ಹಾಗೆ ಹೇಳಿದಳು. ಮಂಚದ ಕೆಳಗೆ ಅವಳ ನೀಲಿ ಬ್ಯಾಗ್ ಇತ್ತು. ಬಂದು ಎರಡು ವಾರದ ಮೇಲಾಗಿದ್ದರೂ ಸೀರೆಗಳು ಅದರೊಳಗೇ ಇದ್ದವು. ಆ ಕೋಣೆಯ ಗೋಡೆ ಕಪಾಟಿನಲ್ಲಿ ನಮ್ಮ ಕಂಬಳಿ, ಹಳೆಯ ಮಿಕ್ಸಿಯ ಡಬ್ಬ, ಒಡೆದ ಇಸ್ತ್ರಿ ಪೆಟ್ಟಿಗೆ. ಎಷ್ಟು ವರ್ಷದಿಂದ ಹೀಗಿದೆ? ನಾನು ದಿನವೂ ಈ ಕೋಣೆಗೆ ಬರುತ್ತೇನೆ. ಎರಡು ಮನೆಯ ಜಾಹೀರಾತು ಓದಿ ಎರಡು ಮನೆಯ ಗುಟ್ಟು ಹೇಳುತ್ತಿದ್ದ ನನಗೆ ಈ ಬ್ಯಾಗ್ ಓದಲು ಬಂದಿರಲಿಲ್ಲ.

ಟ್ಯಾಬ್ ಸ್ಲೋ ಆಗಿರಲಿಲ್ಲ, ಆಕೆಯನ್ನು ನಾನೇ ಅಳಿಸಿ ಹಾಕಿಸಿದೆ ಎಂದು ಹೇಳಿದೆ. ಅಮ್ಮ ಸಿಟ್ಟಾಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

“ಹೋಗ್ಲಿ ಬಿಡು,” ಎಂದಳು. ಟ್ಯಾಬ್ ನನ್ನ ಕಡೆ ಸರಿಸಿ ಕೇಳಿದಳು, “ತಿರುಗಿ ಕರೀಯಾಕ ಬರ್ತೈತೇನು ಆಕೀನ?”

“ಬ್ಯಾಡ ಅತ್ತಿ,” ಎಂದಳು ಗೀತಾ ಬಾಗಿಲಲ್ಲೇ ನಿಂತು. ಅವಳ ಕಣ್ಣು ತುಂಬಿತ್ತು. ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನೂ ಬೇಡ ಎನ್ನಬಹುದಿತ್ತು. ಯಾವ ಮುಖದಿಂದ ಅನ್ನಲಿ? ಅವಳಿಗೆ ಬೇಕಾದದ್ದನ್ನು ಅವಳನ್ನು ಕೇಳದೆಯೇ ಅಳಿಸಿ ತಂದವನು ನಾನು. ಟ್ಯಾಬ್ ತೆಗೆದುಕೊಂಡು ಹುಡುಕಿದೆ. ಹುಡುಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ಹುಲ್ಲು, ಅದೇ ಲೋಟ, ಅದೇ ನಗು. ಅಮ್ಮ ಪರಿಚಯದವರು ಬಂದ ಹಾಗೆ ಸೆರಗು ಸರಿಮಾಡಿಕೊಂಡಳು.

ಫಾರ್ಮ್ ತೆರೆಯಿತು. ಹಿಂದೆ ಬರೆದದ್ದು ಒಂದೂ ಉಳಿದಿರಲಿಲ್ಲ. ಹೆಸರು ಹೇಳಿದಳು, ಬರೆದೆ. ವಯಸ್ಸು ಹೇಳಿದಳು, ಬರೆದೆ. ಮೂರನೆಯ ಜಾಗದಲ್ಲಿ ಊರು ಕೇಳಿತು. ನಾನು ಅವಳ ಕಡೆ ನೋಡದೆ ‘ಬಳ್ಳಾರಿ’ ಎಂದು ಹೊಡೆದೆ.

ಅಮ್ಮ ಕನ್ನಡಕ ಏರಿಸಿಕೊಂಡು, ಟ್ಯಾಬ್ ಹತ್ತಿರ ಹಿಡಿದು, ಆ ಮೂರಕ್ಷರ ಓದಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು:

“ಶಿವರಾತ್ರಿ ಆದ ಮ್ಯಾಲೂ?”