ಮಲಗಿದ ಅಜ್ಜಿಯರನ್ನು ಎಬ್ಬಿಸಿದ್ದು

ಆ ದಿನ ಫೋಟೋ ಸ್ಟುಡಿಯೋ ಇಟ್ಟಿದ್ದ ದೋಸಿಕ್ ಮತ್ತು ಅವನ ಹೆಂಡತಿ ಬೊಂಗಿಮ್ ವಾಂಡೋ ಬಂದರಿನಲ್ಲಿ ಬೆಳಗಿನ ಲಾಂಚು ಹತ್ತಿ ಎದುರಿನ ದ್ವೀಪಕ್ಕೆ ಹೋದರು. ಅಲ್ಲಿನ ಮುದುಕಿಯರು ಆಯುಷ್ಯದ ಪಟ ತೆಗೆಸಿಕೊಳ್ಳಲು ರೇಷ್ಮೆ ಉಟ್ಟು ಕಾದಿದ್ದರು. ಸಾವಿನ ಮನೆಯಲ್ಲಿ ಇಡುವ ಪಟವನ್ನು ಬದುಕಿರುವಾಗಲೇ ತೆಗೆಸಿಟ್ಟರೆ ಆಯುಷ್ಯ ಹೆಚ್ಚುತ್ತದಂತೆ. ಬೊಂಗಿಮ್ ಅವರ ತಲೆ ಬಾಚಿದಳು, ತುಟಿಗೆ ಬಣ್ಣ ಹಚ್ಚಿದಳು. ದೋಸಿಕ್ ಕ್ಯಾಮೆರಾವನ್ನು ಮಗ್ಗುಲಿಗೆ ತಿರುಗಿಸಿ ಉದ್ದಕ್ಕೆ ಹಿಡಿದು ಒಬ್ಬೊಬ್ಬರದೇ ತೆಗೆದ. ಮನೆಗೆ ಬಂದು ಮೀನಿನ ಸಾರಿಗೆ ಉಪ್ಪು ಹೆಚ್ಚೆಂದು ಜಗಳವಾಡಿ ಮಲಗಿದ.

ಬೆಳಗ್ಗೆ ಏಳಲಿಲ್ಲ. ಹೃದಯ ನಿಂತಿತ್ತು.

ಚಳಿಗಾಲವಿಡೀ ಸ್ಟುಡಿಯೋ ಮುಚ್ಚಿತ್ತು. ಹೂ ಬಿಡುವ ಹೊತ್ತಿಗೆ ದ್ವೀಪದ ಸುಂದೊಕ್ ಅಜ್ಜಿ ಬಂದು ಬಾಗಿಲು ಬಡಿದಳು. ಅಂದು ಅವಳ ಎಂಬತ್ತನೇ ಹುಟ್ಟುಹಬ್ಬದ ಊಟ. ನೆಂಟರ ಎದುರು ಪಟ ಇಡಬೇಕು, ಕೊಡು ಎಂದಳು. ಇದೊಂದು ತನ್ನ ಕೈಲಿ ಆಗದಿದ್ದರೆ ಅಂಗಡಿ ಮಾರಿಬಿಡುವುದೆಂದು ಬೊಂಗಿಮ್ ಮನಸ್ಸಿನಲ್ಲೇ ತೀರ್ಮಾನಿಸಿದಳು.

ಹಳೆಯ ಕಂಪ್ಯೂಟರ್ ಕೆಟ್ಟು, ಬೊಂಗಿಮ್‌ಳ ತಮ್ಮ ಹೊಸದು ತಂದಿಟ್ಟಿದ್ದ. ಅವಳು ಕ್ಯಾಮೆರಾದ ಕಾರ್ಡು ಹಾಕಿ, ಪಟ ತಿದ್ದುವ ಸಾಫ್ಟ್‌ವೇರಿಗೆ ಎಲ್ಲವನ್ನೂ ಇಳಿಸಿದಳು. ಮುದುಕಿಯರೆಲ್ಲ ಅಡ್ಡ ಮಲಗಿದ್ದರು.

"ನಾನಿನ್ನೂ ಸತ್ತಿಲ್ಲ ಕಣೇ. ಎಬ್ಬಿಸಿ ಕೂರಿಸು," ಎಂದಳು ಅಜ್ಜಿ.

ಬೊಂಗಿಮ್ ಪಟ ತಿರುಗಿಸಿ ಉಳಿಸಿದಳು. ಪರದೆಯ ಮೇಲೆ ಅಜ್ಜಿ ಎದ್ದಳು. ಪ್ರಿಂಟಿಗೆ ಕೊಟ್ಟರೆ ಇನ್ನೊಂದು ಕಡೆಗೆ ಮಲಗಿದಳು. ಮಗ್ಗುಲು ಬದಲಿಸಿದೆ, ನಿದ್ದೆ ಚೆನ್ನಾಗಿ ಬರುತ್ತೆ ಎಂದು ಮುದುಕಿ ನಕ್ಕಳು.

ಬೊಂಗಿಮ್‌ಗೆ ಅಳು ಬಂತು. ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ, ಅದರ ಹಿಂಬದಿಯ ಪುಟ್ಟ ಪರದೆಯಲ್ಲಿ ನೋಡಿದಳು. ಅಲ್ಲಿ ಅಜ್ಜಿ ನೆಟ್ಟಗೆ ಕೂತಿದ್ದಳು! ಅಂದರೆ ದೋಸಿಕ್ ತೆಗೆದದ್ದು ಸರಿಯಿದೆ. ತಲೆ ಯಾವ ಕಡೆ ಎಂದು ಕ್ಯಾಮೆರಾಕ್ಕೂ ಗೊತ್ತಿದೆ. ಬೀಳುತ್ತಿರುವುದು ಇಳಿಸುವಾಗ. ತಾನು ತಿರುಗಿಸಿದ ಮೇಲೆ ಪ್ರಿಂಟರು ಕ್ಯಾಮೆರಾದ ಮಾತು ಕೇಳಿ ಇನ್ನೊಮ್ಮೆ ತಿರುಗಿಸಿತ್ತು. ಇಳಿಸುವ ಜಾಗದಲ್ಲಿ ಬರೆದದ್ದನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. 'ಕ್ಯಾಮೆರಾ ಹೇಳಿದಂತೆ ತಿರುಗಿಸು' ಎಂಬುದರ ಮುಂದಿನ ಚೌಕ ಖಾಲಿ ಇತ್ತು. ಗುರುತು ಹಾಕಿದಳು. ತಾನು ತಿರುಗಿಸಿದ್ದನ್ನು ಅಳಿಸಿ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎಲ್ಲವನ್ನೂ ಹೊಸದಾಗಿ ಇಳಿಸಿದಳು.

ಮುದುಕಿಯರು ಒಬ್ಬೊಬ್ಬರಾಗಿ ಎದ್ದು ಕೂತರು. ಬೊಂಗಿಮ್ ಕುರ್ಚಿಯಲ್ಲಿ ಕೂರಲಾಗದೆ ನಿಂತುಬಿಟ್ಟಳು.

"ನೋಡು, ನಮ್ಮ ಪಕ್ಕದ್ಮನೆ ಬೊಕ್ಸುನ್ನೂ ಎದ್ಲು," ಎಂದಳು ಅಜ್ಜಿ. "ಆ ಜಗಳಗಂಟಿ ಮಲಗೇ ಇದ್ದಿದ್ರೆ ಚೆನ್ನಾಗಿತ್ತು."

ಒಂದು ಪಟ ಮಾತ್ರ ಅಡ್ಡವೇ ಉಳಿಯಿತು. ನೆಲದ ಮೇಲಿಟ್ಟ ಅಕ್ಕಿ ಕಡುಬಿನ ತಟ್ಟೆಯನ್ನು ದೋಸಿಕ್ ನೇರ ಮೇಲಿನಿಂದ ತೆಗೆದಿದ್ದ. ಕೆಳಮುಖ ಹಿಡಿದಾಗ ತಲೆ ಯಾವುದು, ಬುಡ ಯಾವುದು ಎಂದು ಕ್ಯಾಮೆರಾಕ್ಕೆ ತಿಳಿದಿರಲಿಲ್ಲ. ಅಂಚಿನಲ್ಲಿ ಅವನ ಪಾದವಿತ್ತು. ಕಾಲುಚೀಲದ ಹೆಬ್ಬೆರಳಲ್ಲಿ ತೂತು.

"ಹೊಲಿದು ಕೊಡೋಕಾಗ್ಲಿಲ್ವೇನೆ?"

"ಹೇಳ್ಲೇ ಇಲ್ಲ ಅವ್ರು."

ಅದನ್ನವಳು ತಿರುಗಿಸಲಿಲ್ಲ. ಅಜ್ಜಿಯದನ್ನು ಪ್ರಿಂಟಿಗೆ ಕೊಟ್ಟಳು. ನೆಟ್ಟಗೆ ಬಂತು. ಮುದುಕಿ ಅದನ್ನು ಎದೆಗವಚಿಕೊಂಡು ಲಾಂಚಿಗೆ ಓಡಿದಳು. ಅಂಗಡಿ ಮಾರುವ ಯೋಚನೆ ಅಲ್ಲಿಗೇ ಬಿತ್ತು.

ಈಗಲೂ ಬೆಳಗ್ಗೆ ಬಾಗಿಲು ತೆಗೆದೊಡನೆ ಬೊಂಗಿಮ್ ಕ್ಯಾಮೆರಾ ಉದ್ದಕ್ಕೆ ಹಿಡಿದು, ಗಿರಾಕಿ ಕೂರುವ ಸ್ಟೂಲಿನದು ಒಂದು ಪಟ ತೆಗೆಯುತ್ತಾಳೆ. ಕಂಪ್ಯೂಟರಿಗೆ ಇಳಿಸುತ್ತಾಳೆ. ಸ್ಟೂಲಿನ ಕಾಲುಗಳು ಕೆಳಗಿವೆಯೇ ಎಂದು ನೋಡಿ, ಅಳಿಸುತ್ತಾಳೆ. ಆಮೇಲೆ ಹೊರಗಿನ ಬೋರ್ಡಿನ ದೀಪ ಹಾಕುತ್ತಾಳೆ.