ಐದೂವರೆ ತಾಸು ಹಿಂದಿದ್ದ ಪೆಟ್ಟಿಗೆ

ಬೆಳಗಿನ ಐದೂಕಾಲು. ಯಾದಗಿರಿಯ ಟ್ರಸ್ಟ್ ಕಚೇರಿಯ ಬೀಗ ತೆಗೆದು, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಪರಿಮಳಾ ಚಪ್ಪಲಿ ಹೊರಗೇ ಬಿಡುತ್ತಾರೆ. ಮೂಲೆಯಲ್ಲಿ ಬುತ್ತಿಡಬ್ಬಿಗಿಂತ ತುಸು ದೊಡ್ಡದಾದ ಕರಿ ಪೆಟ್ಟಿಗೆಯೊಂದು ಹಸಿರು ದೀಪ ಮಿಟುಕಿಸುತ್ತ ಕೂತಿದೆ. ಯಾದಗಿರಿ, ಶಹಾಪುರ, ಸುರಪುರ ಕಚೇರಿಗಳ ಹದಿನಾಲ್ಕು ಕಂಪ್ಯೂಟರುಗಳು ಕಡತಗಳನ್ನು ಇಡುವುದೂ ಇದರಲ್ಲೇ, ತೆಗೆಯುವುದೂ ಇದರಿಂದಲೇ. ಹೊತ್ತೇರಿದ ಮೇಲೆ ದುರಸ್ತಿಗೆಂದು ಇದನ್ನು ನಿಲ್ಲಿಸಿದರೆ ಮೂರೂ ಊರುಗಳ ಕೆಲಸ ನಿಲ್ಲುತ್ತದೆ. ಅದಕ್ಕೇ ಅವರು ನಸುಕಿನಲ್ಲೇ ಮುದನಾಳದಿಂದ ಸ್ಕೂಟಿ ಹತ್ತಿ ಬರುತ್ತಾರೆ.

ಹೀಗೆ ಬರುವುದೇ ಅವರಿಗೆ ಮುಳುವಾಗಿತ್ತು.

ಈ ಟ್ರಸ್ಟು ಹೆಣ್ಣುಮಕ್ಕಳ ವಸತಿನಿಲಯ ನಡೆಸುತ್ತದೆ. ಕಳೆದ ಜೂನ್‌ನಲ್ಲಿ ಪ್ರವೇಶದ ಪಟ್ಟಿಯಿಂದ ಸುರಪುರದ ಹನ್ನೊಂದು ಹುಡುಗಿಯರ ಹೆಸರು ಮಾಯವಾದವು. ಪಟ್ಟಿ ಬದಲಾದದ್ದು ಬೆಳಗಿನ ಐದೂವರೆಗೆ ಎಂದು ಪೆಟ್ಟಿಗೆಯ ದಾಖಲೆ ಹೇಳಿತು. ಆ ಹೊತ್ತಿಗೆ ಅಲ್ಲಿರುವವರು ಪರಿಮಳಾ ಒಬ್ಬರೇ. ಎಲ್ಲರೂ ‘ಆಫೀಸ್’ ಎಂಬ ಒಂದೇ ಹೆಸರಿನಿಂದ ಒಳಹೋಗುತ್ತಿದ್ದುದರಿಂದ ಬೇರೆ ಗುರುತೂ ಇರಲಿಲ್ಲ. ವ್ಯವಸ್ಥಾಪಕ ಮಲ್ಲಣ್ಣ ಕೈ ಚಾಚಿ ಕೀಲಿಕೈ ಇಸಿದುಕೊಂಡರು. ಇನ್ನು ಮೂರು ದಿನದಲ್ಲಿ ಕೆಲಸವೂ ಹೋಗುವುದಿತ್ತು. ಸುರಪುರ ಕಚೇರಿಯ ಮಮ್ತಾಜ ಫೋನಿನಲ್ಲಿ ಕೇಳಿದ್ದು ಪರಿಮಳಾ ಅವರ ಕಿವಿಯಲ್ಲಿ ಇನ್ನೂ ಇದೆ: “ಅಷ್ಟ ನಸುಕಿನ್ಯಾಗ ಒಬ್ಬಾಕಿನೇ ಅಲ್ಲಿ ಏನ್ ಮಾಡ್ತಿ ತಂಗಿ?”

ತಂದೆ ಅಂಬ್ರಪ್ಪ ಕೂಲಿ ಮಾಡಿ ಮಗಳಿಗೆ ಡಿಪ್ಲೊಮಾ ಓದಿಸಿದವರು. ಅವರೂ ಆ ದಿನ ಊಟದ ತಾಟಿನಿಂದ ತಲೆ ಎತ್ತಿದರಂತೆ. “ಅಪ್ಪ ಏನೂ ಕೇಳಲಿಲ್ರಿ. ಆದ್ರ ಒಮ್ಮಿ ನೋಡಿದ.”

ಮೂರನೆಯ ದಿನ, ಮಲ್ಲಣ್ಣ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಾಗ, ಪರಿಮಳಾ ಪೆಟ್ಟಿಗೆಯಲ್ಲಿ ಒಂದು ಖಾಲಿ ಕಡತ ಉಳಿಸಿದರು. ಗೋಡೆಯ ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು. ಪೆಟ್ಟಿಗೆ ಬರೆದುಕೊಂಡದ್ದು ನಾಲ್ಕೂಕಾಲು. ಅದು ನಮ್ಮ ಹೊತ್ತಿನಲ್ಲಿ ಇರಲೇ ಇಲ್ಲ. ಐದೂವರೆ ತಾಸು ಹಿಂದೆ, ಜಗತ್ತಿನ ಗಡಿಯಾರಗಳಿಗೆಲ್ಲ ಮೂಲವಾದ ಹೊತ್ತಿನಲ್ಲಿತ್ತು. ಹಾಗಾದರೆ ಪಟ್ಟಿ ಬದಲಾದದ್ದು ಹಗಲು ಹನ್ನೊಂದಕ್ಕೆ, ಹದಿನಾಲ್ಕೂ ಕಂಪ್ಯೂಟರುಗಳ ಮುಂದೆ ಜನ ಕೂತಿದ್ದಾಗ.

“ಪೆಟಗಿ ಕುಂಡ್ರಿಸಿದಾಕಿ ನಾನೇ ರಿ. ಅವತ್ತ ನೆಟ್ ಇರಲಿಲ್ಲ. ಹೊತ್ತು ಹೊಂದಸೋದು ನಾಳಿ ಮಾಡಿದ್ರಾತು ಅಂತ ಬಿಟ್ಟಿದ್ದೆ. ನನ್ನ ತಪ್ಪೇ ನನ್ನ ಕಡಿ ಬಟ್ಟು ತೋರಿಸ್ತು.”

ಹಳೆಯ ಪ್ರತಿಯಿಂದ ಹನ್ನೊಂದು ಹೆಸರುಗಳೂ ಮರಳಿದವು. ಕೀಲಿಕೈಯೂ ಮರಳಿತು. ಅಳಿಸಿದ ಕೈ ಯಾವುದೆಂದು ಮಾತ್ರ ತಿಳಿಯಲಿಲ್ಲ. ಒಬ್ಬರ ಮೇಲಿದ್ದ ಸಂಶಯ ಹದಿನಾಲ್ಕು ಪಾಲಾಯಿತು. ಇಂದಿಗೂ ಕಚೇರಿಯಲ್ಲಿ ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಕಣ್ಣು ಆ ಪರದೆಯತ್ತ ಹೊರಳುತ್ತದೆ. ಯಾರ ಹೊತ್ತು ಯಾವುದೆಂದು ಶಿವನಿಗೆ ತಿಳಿದಿರುತ್ತದೆ. ಪೆಟ್ಟಿಗೆಗೆ ನಾವೇ ಹೇಳಿಕೊಡಬೇಕು. ಈಗ ಅದು ದಿನವೂ ಹೊರಗಿನ ಗಡಿಯಾರವನ್ನು ಕೇಳಿ ತನ್ನ ಹೊತ್ತು ತಿದ್ದಿಕೊಳ್ಳುತ್ತದೆ, ಅದನ್ನೇ ಮೂರೂ ಊರುಗಳಿಗೆ ಹಂಚುತ್ತದೆ.

ಪರಿಮಳಾ ಹದಿನಾಲ್ಕು ಜನಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಮಾಡಿಟ್ಟಿದ್ದಾರೆ. ಹದಿಮೂರು ಜನ ತಗೊಂಡಿದ್ದಾರೆ. ಒಬ್ಬರು ಮಾತ್ರ ಇನ್ನೂ ‘ಆಫೀಸ್’ ಎಂದೇ ಒಳಬರುತ್ತಾರೆ. ಆ ಹೆಸರು ಮುಚ್ಚಲು ಮೇಲಿನವರ ಅಪ್ಪಣೆ ಬೇಕು. ಅಪ್ಪಣೆ ಕೇಳಿ ನಾಲ್ಕು ತಿಂಗಳಾಯಿತು. ಆ ಒಬ್ಬರು ಯಾರೆಂದು ಕೇಳಿದರೆ ಪರಿಮಳಾ ಪರದೆಯ ಮೇಲಿನ ಧೂಳು ಒರೆಸುತ್ತಾರೆ.

“ಅವರೂ ತಮ್ಮ ಹೆಸರ್ಲೇ ಬರಲಿ, ಅಷ್ಟೇ ರಿ ನನಗ. ನಾ ಅಂತೂ ನನ್ನ ಹೆಸರ್ಲೇ ಬರ್ತೀನಿ. ನೋಡ್ರಿ, ಐದೂ ಇಪ್ಪತ್ತು. ಹೊತ್ತೂ ಖರೇ ಐತಿ.”